ತಗಡಿನ ವಿಮಾನ ಕೊಳ್ಳುವವರು ಮೊದಲು ಹೊಟ್ಟೆ ನೋಡಬೇಕು

ದನದ ಜಾತ್ರೆಗೆ ಹೋದ ರೈತ ಎತ್ತಿನ ಬಾಯಿ ಬಿಡಿಸಿ ಮೊದಲು ಹಲ್ಲು ನೋಡುತ್ತಾನೆ. ಕೊಂಬಿನ ಬಣ್ಣ, ಕೊರಳ ಗೆಜ್ಜೆ ಎಲ್ಲ ಆಮೇಲೆ. ಹಳೆಯ ಜರ್ಮನ್ ತಗಡಿನ ಆಟಿಕೆ ವಿಮಾನ ಕೊಳ್ಳುವಾಗಲೂ ಅದೇ ಲೆಕ್ಕ. ಮಾರುವವನು ಹೊಳೆಯುವ ರೆಕ್ಕೆಯನ್ನು ನಿಮ್ಮ ಕಡೆಗೆ ತಿರುಗಿಸಿ ಇಟ್ಟಿರುತ್ತಾನೆ. ನೀವು ಕೇಳಿ ಎತ್ತಿಕೊಂಡು, ಮಗುಚಿ, ಹೊಟ್ಟೆ ನೋಡಿ. ತಯಾರಕರ ಗುರುತು, ದೇಶದ ಹೆಸರು, ಬಿಚ್ಚಿ ಜೋಡಿಸಿದ ಕಲೆ, ಬದಲಾದ ಚಕ್ರ ಎಲ್ಲ ಅಲ್ಲೇ ಇರುತ್ತವೆ.

ನಾನಿರುವುದು ಜರ್ಮನಿಯ ಎರ್ಲಾಂಗೆನ್‌ನಲ್ಲಿ. ಇಲ್ಲಿಂದ ಆಟಿಕೆಗೆ ಹೆಸರಾದ ನ್ಯೂರೆಂಬರ್ಗ್‌ಗೆ ಸುಮಾರು 20 ಕಿಲೋಮೀಟರ್. ಎಂಟು ವರ್ಷದಲ್ಲಿ ಹನ್ನೊಂದು ವಿಮಾನ ಕೂಡಿಸಿದ್ದೇನೆ. ಅದರಲ್ಲಿ ಎರಡನ್ನು ಬಂದವರಿಗೆ ತೋರಿಸುವುದಿಲ್ಲ. ಈ ಲೇಖನ ಹೆಚ್ಚಾಗಿ ಆ ಎರಡರಿಂದ ಕಲಿತದ್ದು.

1. ಯಾವ ಕಾಲದ್ದು ಬೇಕು ಎಂದು ಮೊದಲೇ ನಿರ್ಧರಿಸಿ

ಇದನ್ನು ತೀರ್ಮಾನಿಸದೆ ಸಂತೆಗೆ ಹೋದರೆ ಕಂಡದ್ದೆಲ್ಲ ಬೇಕೆನಿಸುತ್ತದೆ. ಸ್ಥೂಲವಾಗಿ ಮೂರು ಕಾಲ ಮಾಡಿಕೊಳ್ಳಬಹುದು.

ಮೊದಲನೆಯದು ಮೊದಲ ಮಹಾಯುದ್ಧಕ್ಕೂ ಮುಂಚಿನದು. 1909ರ ಜುಲೈನಲ್ಲಿ ಫ್ರಾನ್ಸಿನ ಬ್ಲೇರಿಯೋ ವಿಮಾನದಲ್ಲಿ ಇಂಗ್ಲಿಷ್ ಕಾಲುವೆ ದಾಟಿದ. ಆಗ ವಿಮಾನದ ಹುಚ್ಚು ಯುರೋಪಿನ ಮನೆಮನೆಗೂ ಹತ್ತಿತು. ನ್ಯೂರೆಂಬರ್ಗ್‌ನ ಗ್ಯುಂಟರ್‌ಮಾನ್, ಬ್ರಾಂಡೆನ್‌ಬುರ್ಗ್‌ನ ಲೇಮಾನ್ ಮುಂತಾದವರು ಕಡ್ಡಿಯಂಥ ಮೈ, ಅಗಲ ರೆಕ್ಕೆ, ಒಬ್ಬ ಪುಟ್ಟ ಚಾಲಕ ಇರುವ ವಿಮಾನಗಳನ್ನು ಮಾಡಿದರು. ದಾರ ಕಟ್ಟಿ ಚಾವಣಿಯಿಂದ ಇಳಿಬಿಟ್ಟು ಕೀ ಕೊಟ್ಟರೆ ಗುಂಡಾಗಿ ಸುತ್ತುತ್ತಿದ್ದವು. ಇವು ಈಗ ದೊಡ್ಡ ಹರಾಜುಗಳಲ್ಲಿ ಮಾತ್ರ ಕಾಣುತ್ತವೆ, ಬೆಲೆಯೂ ಹಾಗೇ. ನನ್ನ ಹತ್ತಿರ ಒಂದೂ ಇಲ್ಲ.

ಎರಡನೆಯದು ಎರಡು ಯುದ್ಧಗಳ ನಡುವಿನದು. ಬಣ್ಣದ ಚಿತ್ರವನ್ನು ತಗಡಿನ ಮೇಲೆಯೇ ಮುದ್ರಿಸಿ, ಅಚ್ಚಿನಲ್ಲಿ ಒತ್ತಿ, ಅಂಚಿನ ನಾಲಿಗೆಗಳನ್ನು ಸೀಳಿನಲ್ಲಿ ತೂರಿಸಿ ಮಡಿಸುವ ಪದ್ಧತಿ ಇಲ್ಲಿ ಪಳಗಿತ್ತು. ಹನ್ನೆರಡು ಎಂಜಿನ್ನಿನ ಡೋರ್ನಿಯರ್ ಡೋ-ಎಕ್ಸ್, ಮೂರು ಎಂಜಿನ್ನಿನ ಯುಂಕರ್ಸ್ 52 ಇವುಗಳ ಆಟಿಕೆ ರೂಪಗಳು ಈ ಕಾಲದವು. ಟಿಪ್ ಆ್ಯಂಡ್ ಕೋ ಎಂಬ ನ್ಯೂರೆಂಬರ್ಗ್ ಕಂಪನಿಯದ್ದು ಇಲ್ಲಿ ದೊಡ್ಡ ಹೆಸರು. ಅದರ ಯಹೂದಿ ಮಾಲೀಕ ಫಿಲಿಪ್ ಉಲ್‌ಮಾನ್ 1933ರಲ್ಲಿ ದೇಶ ಬಿಟ್ಟು ಬ್ರಿಟನ್‌ಗೆ ಹೋಗಿ ಮೆಟ್ಟಾಯ್ ಕಂಪನಿ ಕಟ್ಟಿದರು. ನಮ್ಮಲ್ಲಿ ಹಲವರು ಚಿಕ್ಕಂದಿನಲ್ಲಿ ಕಂಡಿರುವ ಕಾರ್ಗಿ ಕಾರುಗಳು ಅದೇ ಮೆಟ್ಟಾಯ್‌ನವು. ಅವರಿಲ್ಲದ ಟಿಪ್ ಕಾರ್ಖಾನೆಯಿಂದ ಮೂವತ್ತರ ದಶಕದಲ್ಲಿ ಬಾಂಬರ್ ವಿಮಾನಗಳು ಹೊರಬಂದವು. ಆ ಕಥೆ ಮುಂದೆ ಹೇಳುತ್ತೇನೆ.

ಮೂರನೆಯದು 1945ರಿಂದ ಅರವತ್ತರ ದಶಕದವರೆಗಿನದು. ಹೊಸಬರು ಇಲ್ಲಿಂದಲೇ ಶುರು ಮಾಡಲಿ ಎಂಬುದು ನನ್ನ ಸಲಹೆ. ನೆಲಕ್ಕೆ ಉಜ್ಜಿ ಬಿಟ್ಟರೆ ಓಡುವ ಪ್ರಯಾಣಿಕ ವಿಮಾನಗಳು ಸಿಗುತ್ತವೆ, ಬಿಡಿಭಾಗವೂ ಹುಡುಕಿದರೆ ಸಿಗುತ್ತದೆ, ಕೈಸುಟ್ಟರೂ ಸಣ್ಣದಾಗಿ ಸುಡುತ್ತದೆ. ಈ ಗುಂಪಿನ ರಾಜ ಶುಕೋ ಕಂಪನಿಯ ಎಲೆಕ್ಟ್ರೋ ರೇಡಿಯಂಟ್ 5600. ವೈಕೌಂಟ್ ವಿಮಾನದ ರೂಪ, ಬ್ಯಾಟರಿಯಲ್ಲಿ ನಡೆಯುತ್ತದೆ, ನಾಲ್ಕು ಪ್ರೊಪೆಲ್ಲರ್‌ಗಳು ಒಂದಾದ ಮೇಲೊಂದು ತಿರುಗಲು ಶುರುವಾಗುತ್ತವೆ. ಲುಫ್ತಾನ್ಸಾ, ಕೆಎಲ್‌ಎಂ, ಸ್ವಿಸ್‌ಏರ್, ಪ್ಯಾನ್ ಆ್ಯಮ್ ಹೀಗೆ ಬೇರೆಬೇರೆ ವಿಮಾನ ಕಂಪನಿಗಳ ಬಣ್ಣಗಳಲ್ಲಿ ಬಂದಿತ್ತು. ಅದು ಶುರುವಾಗುವ ಕ್ರಮ ನೋಡಿಯೇ ನಾನು ಈ ಹುಚ್ಚಿಗೆ ಬಿದ್ದದ್ದು.

2. ಕೊಳ್ಳುವ ಮೊದಲು ಮ್ಯೂಸಿಯಂಗೆ ಹೋಗಿ ಸವಕಳಿ ನೋಡಿ

ನ್ಯೂರೆಂಬರ್ಗ್ ಊರಿಗೆ ಆಟಿಕೆ ಎಂದರೆ ಕಸುಬಿನ ಹೆಮ್ಮೆ. ‘ನ್ಯೂರೆಂಬರ್ಗ್‌ನ ಆಟದ ಸಾಮಾನು ದೇಶದೇಶ ಸುತ್ತುತ್ತದೆ’ ಎಂಬರ್ಥದ ಹಳೆಯ ಪ್ರಾಸದ ಮಾತೇ ಇಲ್ಲಿದೆ. ಕಾರ್ಲ್‌ಸ್ಟ್ರಾಸೆಯಲ್ಲಿರುವ ಆಟಿಕೆ ಮ್ಯೂಸಿಯಂ 1971ರಲ್ಲಿ ಶುರುವಾಯಿತು. ಲಿಡಿಯಾ ಮತ್ತು ಪೌಲ್ ಬಾಯರ್ ದಂಪತಿ ವರ್ಷಾನುಗಟ್ಟಲೆ ಕೂಡಿಟ್ಟ ಸಂಗ್ರಹವೇ ಅದರ ಬುಡ.

ಅಲ್ಲಿ ಗಾಜಿನಾಚೆಯ ವಿಮಾನಗಳ ಅಂದ ನೋಡಿದ್ದು ಸಾಕಾದ ಮೇಲೆ ಸವೆದ ಜಾಗಗಳನ್ನು ನೋಡಿ. ಮಗು ಆಟಿಕೆ ಹಿಡಿಯುವುದು ಮೈಯ ನಡುವೆ, ರೆಕ್ಕೆಯ ಬುಡದಲ್ಲಿ. ನೆಲಕ್ಕೆ ತಾಗುವುದು ರೆಕ್ಕೆಯ ತುದಿ, ಮೂಗು, ಬಾಲದ ಕೆಳಗಿನ ಅಂಚು. ಹಾಗಾಗಿ ನಿಜವಾದ ಹಳೆಯ ಆಟಿಕೆಯ ಬಣ್ಣ ಹೋಗಿರುವುದು ಆ ಜಾಗಗಳಲ್ಲೇ. ಬೇಕೆಂದೇ ‘ಹಳತು’ ಮಾಡಿದ್ದರಲ್ಲಿ ಗೀರು ಎಲ್ಲೆಂದರಲ್ಲಿ, ಒಂದೇ ಹದದಲ್ಲಿ ಇರುತ್ತದೆ, ರಾತ್ರೋರಾತ್ರಿ ಅಜ್ಜನಾದವನ ಹಾಗೆ.

3. ಹೊಟ್ಟೆಯ ಮೇಲಿನ ಬರಹ ಓದಲು ಕಲಿಯಿರಿ

ಇದಕ್ಕೆ ಒಂದು ಭೂತಗನ್ನಡಿ, ಒಂದು ಪುಟ್ಟ ಟಾರ್ಚ್ ಸಾಕು.

ಮೊದಲು ತಯಾರಕರ ಗುರುತು ಹುಡುಕಿ. ಲೇಮಾನ್ ಆದರೆ ‘ಇಪಿಎಲ್’, ಸ್ಥಾಪಕ ಅರ್ನ್ಸ್ಟ್ ಪೌಲ್ ಲೇಮಾನ್ ಹೆಸರಿನ ಮೊದಲಕ್ಷರಗಳು. ಟಿಪ್ ಆ್ಯಂಡ್ ಕೋ ಆದರೆ ‘ಟಿಸಿಓ’ ಅಥವಾ ‘ಟಿಪ್ಕೋ’. ಬಿಂಗ್ ಕಂಪನಿ ಮೊದಲು ‘ಜಿಬಿಎನ್’ ಎಂದು ಒತ್ತುತ್ತಿತ್ತು, 1919ರ ಹೊತ್ತಿಗೆ ಅದು ‘ಬಿಡಬ್ಲ್ಯು’ ಆಯಿತು. ಗ್ಯುಂಟರ್‌ಮಾನ್‌ನ ‘ಎಎಸ್‌ಜಿಡಬ್ಲ್ಯು’ ಹಿಂದೆ ಒಂದು ಸಂಸಾರದ ಕಥೆ ಇದೆ. ಸ್ಥಾಪಕ ತೀರಿಕೊಂಡ ಮೇಲೆ ಹೆಂಡತಿ ಕಾರ್ಖಾನೆಯ ಅಡಾಲ್ಫ್ ವೈಗೆಲ್‌ರನ್ನು ಮದುವೆಯಾದರು, ಅವರ ಹೆಸರಿನ ಅಕ್ಷರಗಳೂ ಗುರುತಿನೊಳಗೆ ಸೇರಿಕೊಂಡವು. 1919ರಲ್ಲಿ ವೈಗೆಲ್ ತೀರಿಕೊಂಡ ನಂತರ ಅದು ಬರೀ ‘ಎಸ್‌ಜಿ’. ಒಂದು ಅಕ್ಷರ ಹೆಚ್ಚೋ ಕಡಿಮೆಯೋ ಎಂಬುದರ ಮೇಲೆ ಆಟಿಕೆಯ ವಯಸ್ಸು ಹತ್ತು ವರ್ಷ ಆಚೀಚೆ ಆಗುತ್ತದೆ.

ಆಮೇಲೆ ಹಕ್ಕಿನ ಗುರುತು. ‘ಡಿಆರ್‌ಜಿಎಂ’ ಎಂದಿದ್ದರೆ ಜರ್ಮನ್ ಸಾಮ್ರಾಜ್ಯದ ಕಾಲದಿಂದ ಎರಡನೇ ಮಹಾಯುದ್ಧದವರೆಗಿನ, ಸಣ್ಣ ಪೇಟೆಂಟಿನಂಥ ನೋಂದಣಿ, 1891ರಿಂದ ಜಾರಿಗೆ ಬಂದದ್ದು. ‘ಡಿಆರ್‌ಪಿ’ ಅದೇ ಕಾಲದ ಪೇಟೆಂಟ್. ‘ಡಿಬಿಜಿಎಂ’ ಅಥವಾ ‘ಡಿಬಿಪಿ’ ಎಂದಿದ್ದರೆ ಅದು ಪಶ್ಚಿಮ ಜರ್ಮನಿ ಹುಟ್ಟಿದ 1949ರ ನಂತರದ್ದು. ಆರ್ ಹೋಗಿ ಬಿ ಬಂದರೆ ಯುದ್ಧ ಮುಗಿದಿದೆ ಎಂದು ನಾನು ನೆನಪಿಟ್ಟುಕೊಂಡಿದ್ದೇನೆ.

ಕೊನೆಯದಾಗಿ ದೇಶದ ಹೆಸರು. ‘ಮೇಡ್ ಇನ್ ಜರ್ಮನಿ’ ಎಂದು ಇಂಗ್ಲಿಷಿನಲ್ಲಿ ಇರುವುದು 1887ರ ಬ್ರಿಟಿಷ್ ಕಾನೂನಿನಿಂದ ಬಂದ ಅಭ್ಯಾಸ. ಜರ್ಮನ್ ಮಾಲನ್ನು ಜನ ಗುರುತಿಸಿ ದೂರ ಇಡಲಿ ಎಂದು ಬ್ರಿಟಿಷರು ಕಡ್ಡಾಯ ಮಾಡಿದ್ದು, ಕೊನೆಗೆ ಅದೇ ಗುಣಮಟ್ಟದ ಮುದ್ರೆಯಾಯಿತು. ‘ಮೇಡ್ ಇನ್ ಯುಎಸ್-ಜೋನ್ ಜರ್ಮನಿ’ ಎಂದಿದ್ದರೆ ನ್ಯೂರೆಂಬರ್ಗ್ ಅಮೆರಿಕನ್ನರ ಹಿಡಿತದಲ್ಲಿದ್ದ ಕಾಲದ್ದು, ಅಂದರೆ ನಲವತ್ತರ ಕೊನೆ, ಹೆಚ್ಚೆಂದರೆ ಐವತ್ತರ ಶುರು. ‘ವೆಸ್ಟರ್ನ್ ಜರ್ಮನಿ’, ‘ವೆಸ್ಟ್ ಜರ್ಮನಿ’ ಅದರ ನಂತರ. ಲೇಮಾನ್‌ನ ಹಳೆಯ ಬ್ರಾಂಡೆನ್‌ಬುರ್ಗ್ ಕಾರ್ಖಾನೆ ಪೂರ್ವ ಜರ್ಮನಿ ಸರ್ಕಾರದ ಪಾಲಾಗಿ ‘ಎಂಎಸ್‌ಬಿ’ ಎಂಬ ಗುರುತು ಹಾಕತೊಡಗಿತು. ಮನೆತನ ನ್ಯೂರೆಂಬರ್ಗ್‌ಗೆ ಬಂದು ಹೊಸದಾಗಿ ಶುರು ಮಾಡಿತು.

ವಿಮಾನದ ಮೈಮೇಲಿನ ನೋಂದಣಿಯೂ ಸಹಾಯಕ್ಕೆ ಬರುತ್ತದೆ. 1934ರವರೆಗೆ ಜರ್ಮನ್ ವಿಮಾನಗಳಿಗೆ ‘ಡಿ’ ಮುಂದೆ ಅಂಕಿ ಇರುತ್ತಿತ್ತು. ಡೋ-ಎಕ್ಸ್‌ನದ್ದು ಡಿ-1929. ಆ ಮೇಲೆ ಅಂಕಿ ಹೋಗಿ ನಾಲ್ಕು ಅಕ್ಷರ ಬಂದವು. ಆಟಿಕೆಯವರು ತಮಗೆ ತೋಚಿದ ಸಂಖ್ಯೆಯನ್ನೂ ಹಾಕುತ್ತಿದ್ದರು, ಆದ್ದರಿಂದ ಇದೊಂದನ್ನೇ ನಂಬಬೇಡಿ. ಲುಫ್ತಾನ್ಸಾ ವಿಷಯದಲ್ಲಿ ಮಾತ್ರ ಎಚ್ಚರ. ಯುದ್ಧದ ನಂತರ ಆ ಕಂಪನಿ ಮತ್ತೆ ಹಾರತೊಡಗಿದ್ದು 1955ರ ಏಪ್ರಿಲ್‌ನಲ್ಲಿ. ಸೂಪರ್ ಕಾನ್‌ಸ್ಟಲೇಶನ್ ವಿಮಾನದ ಮೇಲೆ ಲುಫ್ತಾನ್ಸಾ ಹೆಸರು ಇಟ್ಟುಕೊಂಡು ಯಾರಾದರೂ ‘ನಲವತ್ತೆಂಟರದ್ದು’ ಎಂದರೆ ನಕ್ಕು ಮುಂದೆ ಹೋಗಿ.

ಎಲ್ಲ ಗುರುತುಗಳೂ ಒಂದೇ ಕಾಲ ಹೇಳದಿದ್ದರೆ? ಅತಿ ಹೊಸದು ಯಾವುದೋ ಅದೇ ಆಟಿಕೆಯ ವಯಸ್ಸು. ಹಳೆಯ ಅಚ್ಚನ್ನು ಯುದ್ಧದ ನಂತರವೂ ಬಳಸಿರಬಹುದು, ಆದರೆ ಇನ್ನೂ ಹುಟ್ಟದ ಗುರುತನ್ನು ಯಾರೂ ಮೊದಲೇ ಒತ್ತಿರಲಾರರು.

4. ಅಸಲಿಯೋ, ರಿಪೇರಿಯೋ, ನಕಲೋ

ತೋರಿಸದ ಆ ಎರಡರಲ್ಲಿ ಒಂದು ನನ್ನ ಮೊದಲ ಖರೀದಿ. ಕೊಂಡದ್ದು ಸಂತೆಯಲ್ಲಿ, ಬೆಳಗಿನ ಏಳಕ್ಕೆ, ಚಳಿಯಲ್ಲಿ. ಬೆಳ್ಳಿ ಬಣ್ಣದ ನಾಲ್ಕು ಎಂಜಿನ್ ವಿಮಾನ, 60 ಯೂರೋ. ಮಾರುತ್ತಿದ್ದ ಅಜ್ಜಿ ತನ್ನ ಗಂಡನದ್ದು ಎಂದಳು. ಮನೆಗೆ ತಂದು ದೀಪದ ಕೆಳಗೆ ಹಿಡಿದರೆ ಮೂರು ಪ್ರೊಪೆಲ್ಲರ್‌ಗಳ ಅಂಚು ಮಂಕಾಗಿತ್ತು, ನಾಲ್ಕನೆಯದು ಕತ್ತರಿಸಿದ ಹೊಸ ತಗಡಿನಂತೆ ಚೂಪಾಗಿತ್ತು. ಹೊಟ್ಟೆಯಡಿಯ ಎರಡು ನಾಲಿಗೆಗಳ ಮಡಿಕೆಯಲ್ಲಿ ಬಣ್ಣ ಬಿರಿದು ತಗಡು ಬಿಳಿಚಿ ಕಾಣುತ್ತಿತ್ತು. ಯಾರೋ ಬಿಚ್ಚಿದ್ದಾರೆ, ಒಳಗೇನೋ ಬದಲಿಸಿದ್ದಾರೆ. ಅಜ್ಜಿ ಹೇಳಿದ್ದು ಸುಳ್ಳಿರಲಾರದು, ಗಂಡನೇ ರಿಪೇರಿ ಮಾಡಿಕೊಂಡಿದ್ದಿರಬಹುದು. ತಪ್ಪು ನನ್ನದು, ನಾನು ರೆಕ್ಕೆ ನೋಡಿ ದುಡ್ಡು ಎಣಿಸಿದ್ದೆ.

ಅವತ್ತಿನಿಂದ ನಾನು ನೋಡುವ ಕ್ರಮ ಹೀಗೆ. ಮೊದಲು ನಾಲಿಗೆಗಳು. ತಗಡಿನ ನಾಲಿಗೆ ಎರಡು ಮೂರು ಸಲ ಮಡಿಸಿ ಬಿಚ್ಚಿದರೆ ಮುರಿಯುತ್ತದೆ, ಒಂದೇ ಸಲ ಬಿಚ್ಚಿದರೂ ಮಡಿಕೆ ಹೇಳಿಬಿಡುತ್ತದೆ. ಆಮೇಲೆ ಪ್ರೊಪೆಲ್ಲರ್ ಮತ್ತು ಚಕ್ರ, ಯಾಕೆಂದರೆ ಮಕ್ಕಳು ಮೊದಲು ಕಳೆಯುವುದು ಅವನ್ನೇ. ಪ್ರೊಪೆಲ್ಲರ್‌ಗಳೆಲ್ಲ ಒಂದೇ ಸಮ ಸವೆದಿರಬೇಕು. ಆಮೇಲೆ ಅಯಸ್ಕಾಂತ. ‘ತಗಡು’ ಎನ್ನುವುದು ಇಲ್ಲಿ ಉಕ್ಕಿನ ತೆಳು ಹಾಳೆಗೆ ತವರದ ಕಲಾಯಿ ಹಾಕಿದ್ದು, ನಮ್ಮ ಹಿತ್ತಾಳೆ ಪಾತ್ರೆಗೆ ಹಾಕಿಸುತ್ತಿದ್ದ ಕಲಾಯಿಯದೇ ತವರ. ಅಯಸ್ಕಾಂತ ಎಲ್ಲ ಕಡೆ ಒಂದೇ ಬಿಗಿಯಲ್ಲಿ ಹಿಡಿಯಬೇಕು. ಒಂದು ಕಡೆ ಸಡಿಲವಾದರೆ ಅಲ್ಲಿ ಮೆತ್ತಿ ಬಣ್ಣ ಬಳಿದಿದ್ದಾರೆ.

ನಂತರ ಮುದ್ರಣ. ಹಳೆಯ ಮುದ್ರಣದಲ್ಲಿ ಬಣ್ಣಗಳನ್ನು ಬೇರೆಬೇರೆಯಾಗಿ, ಗಟ್ಟಿಯಾಗಿ ಒಂದರ ಮೇಲೊಂದು ಒತ್ತುತ್ತಿದ್ದರು. ಹಳೆಯ ಆಟಿಕೆಯ ಫೋಟೋ ತೆಗೆದು ಮುದ್ರಿಸಿದ ಇಂದಿನ ನಕಲಿನಲ್ಲಿ ಭೂತಗನ್ನಡಿ ಹಿಡಿದರೆ ಪತ್ರಿಕೆಯ ಚಿತ್ರದ ಹಾಗೆ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕಿಗಳ ಸಾಲು ಕಾಣುತ್ತದೆ. ಚುಕ್ಕಿ ಕಂಡರೆ ಕೆಳಗಿಡಿ. ನಾಲ್ಕು ಸೀಳಿನ ಪ್ಲಸ್ ಸ್ಕ್ರೂ ಇರುವ ‘1910ರ ವಿಮಾನ’ವನ್ನೂ ಕೆಳಗಿಡಿ, ಆ ಸ್ಕ್ರೂ ಬಳಕೆಗೆ ಬಂದದ್ದೇ ಮೂವತ್ತರ ದಶಕದಲ್ಲಿ. ಕೀ ತೂರಿಸುವ ತೂತಿಗೆ ಮೂಗಿಟ್ಟು ವಾಸನೆಯನ್ನೂ ನೋಡುತ್ತೇನೆ, ಜನ ನಗುತ್ತಾರೆ. ಹಳೆಯ ಗ್ರೀಸು ಒಣಗಿದ ವಾಸನೆ ಬೇರೆ, ಹೊಸ ಪೇಂಟಿನ ವಾಸನೆ ಬೇರೆ.

ನಕಲುಗಳೆಲ್ಲ ಮೋಸವಲ್ಲ. ಹಳೆಯ ಕಂಪನಿಗಳೇ ತಮ್ಮ ಹಳೆಯ ಆಟಿಕೆಗಳನ್ನು ಮತ್ತೆ ಮಾಡಿ ನೆನಪಿನ ಆವೃತ್ತಿ ಎಂದು ಮಾರಿದ್ದುಂಟು. ಅದನ್ನು ಅದರ ಬೆಲೆಗೆ ಕೊಳ್ಳಿ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಗೀರು ಬಿದ್ದ, ಚೂರು ತುಕ್ಕು ಹಿಡಿದ, ಯಾರೂ ಕೈಹಾಕದ ವಿಮಾನ ಹೊಸ ಬಣ್ಣ ಬಳಿದು ಥಳಥಳಿಸುವ ವಿಮಾನಕ್ಕಿಂತ ಮೇಲು. ತಿಳಿದವರು ಬೆಲೆ ಕಟ್ಟುವುದೂ ಹಾಗೇ.

5. ಎಲ್ಲಿ ಕೊಳ್ಳುವುದು, ಜಾಹೀರಾತು ಓದುವುದು ಹೇಗೆ

ನ್ಯೂರೆಂಬರ್ಗ್‌ನ ಹಳೇ ಪೇಟೆಯಲ್ಲಿ ವರ್ಷಕ್ಕೆರಡು ಸಲ, ಮೇ ಮತ್ತು ಸೆಪ್ಟೆಂಬರ್‌ನಲ್ಲಿ, ಟ್ರೆಂಪೆಲ್‌ಮಾರ್ಕ್ಟ್ ಎಂಬ ದೊಡ್ಡ ಗುಜರಿ ಸಂತೆ ನಡೆಯುತ್ತದೆ. ಇಲ್ಲಿನ ಆಡುಮಾತಿನಲ್ಲಿ ಟ್ರೆಂಪೆಲ್ ಎಂದರೆ ಹಳೇ ಸಾಮಾನು. ಮಾರುವವರಲ್ಲಿ ವ್ಯಾಪಾರಿಗಳೂ ಇದ್ದಾರೆ, ಮನೆ ಖಾಲಿ ಮಾಡುತ್ತಿರುವವರೂ ಇದ್ದಾರೆ. ಎರಡನೆಯವರ ಹತ್ತಿರ ಚೌಕಾಸಿ ನಡೆಯುತ್ತದೆ, ಆದರೆ ಬೆಂಗಳೂರಿನ ಹಾಗೆ ಅರ್ಧಕ್ಕೆ ಇಳಿಸಿ ಶುರು ಮಾಡಬೇಡಿ, ಮುಖ ತಿರುಗಿಸುತ್ತಾರೆ.

ದುಬಾರಿ ಮಾಲಿಗೆ ಹರಾಜು ಮನೆಗಳಿವೆ. ಕೊಲೋನ್‌ನ ಬ್ರೇಕರ್, ಲಾಡೆನ್‌ಬುರ್ಗ್‌ನ ಆಟಿಕೆ ಹರಾಜು, ಅಮೆರಿಕದಲ್ಲಿ ಬೆರ್ಟೋಯಾ ಹೆಸರಾದವು. ಕೂಗಿದ ಬೆಲೆಯ ಮೇಲೆ ಹರಾಜು ಮನೆಯ ಕಮಿಷನ್ ಪ್ರತ್ಯೇಕ ಸೇರುತ್ತದೆ, ಕೈ ಎತ್ತುವ ಮೊದಲೇ ಲೆಕ್ಕ ಹಾಕಿಕೊಳ್ಳಿ. ಇವರ ಹಳೆಯ ಹರಾಜುಗಳ ಬೆಲೆಪಟ್ಟಿಗಳನ್ನು ಓದುವುದು ಕೊಳ್ಳದವರಿಗೂ ಉಪಯೋಗ. ಮಾರುವವರು ಕೇಳುವ ಬೆಲೆಗೂ ನಿಜಕ್ಕೂ ಮಾರಾಟವಾದ ಬೆಲೆಗೂ ಇರುವ ಅಂತರ ಅಲ್ಲಿ ಗೊತ್ತಾಗುತ್ತದೆ.

ಆನ್‌ಲೈನ್ ಜಾಹೀರಾತುಗಳಲ್ಲಿ ಕೆಲವು ಜರ್ಮನ್ ಪದಗಳು ಗೊತ್ತಿರಬೇಕು. ‘ಬ್ಲೆಖ್‌ಶ್ಪೀಲ್‌ಟ್ಸೊಯ್ಗ್’ ಎಂದರೆ ತಗಡಿನ ಆಟಿಕೆ. ‘ಬೆಶ್ಪೀಲ್ಟ್’ ಎಂದರೆ ಆಡಿದ್ದು, ಇದು ಪ್ರಾಮಾಣಿಕ ಪದ. ‘ನಾಖ್‌ಲಾಕೀರ್ಟ್’ ಎಂದರೆ ಮತ್ತೆ ಬಣ್ಣ ಬಳಿದದ್ದು. ‘ನಾಖ್‌ಬೌ’ ಮತ್ತು ‘ರೆಪ್ಲೀಕ್’ ಎರಡೂ ನಕಲು. ‘ಫ್ಯೂರ್ ಬಾಸ್ಟ್ಲರ್’ ಎಂದರೆ ರಿಪೇರಿ ಮಾಡಿಕೊಳ್ಳುವವರಿಗೆ, ಅಂದರೆ ಕೆಟ್ಟಿದೆ. ‘ಓಫೌಪೇ’ (OVP) ಎಂಬ ಮೂರಕ್ಷರ ಕಂಡರೆ ಮೂಲ ಡಬ್ಬಿ ಇದೆ ಎಂದರ್ಥ, ಡಬ್ಬಿ ಇದ್ದರೆ ಬೆಲೆ ಬಹಳ ಏರುತ್ತದೆ. ‘ಫೌಬೇ’ (VB) ಎಂದಿದ್ದರೆ ಬೆಲೆ ಮಾತಾಡಬಹುದು. ‘ಡಾಖ್‌ಬೋಡೆನ್‌ಫುಂಡ್’ ಎಂದರೆ ಅಟ್ಟದಲ್ಲಿ ಸಿಕ್ಕಿದ್ದು. ಈ ಪದವನ್ನು ಮಾತ್ರ ಅನುಮಾನದಿಂದ ನೋಡಿ. ಜಾಹೀರಾತುಗಳನ್ನು ನಂಬಿದರೆ ಜರ್ಮನಿಯ ಅಟ್ಟಗಳು ಇಷ್ಟು ಹೊತ್ತಿಗೆ ಕುಸಿಯಬೇಕಿತ್ತು. ಮಾರುವವರಿಗೆ ಬರೆದು ಹೊಟ್ಟೆಯ ಫೋಟೋ ಕೇಳಿ. ಕಳಿಸದಿದ್ದರೆ ಬಿಡಿ.

6. ಬಾಲದ ಮೇಲಿನ ಸ್ವಸ್ತಿಕ

ಮೂವತ್ತರ ದಶಕದ ವಿಮಾನಗಳ ಬಾಲದ ಮೇಲೆ ನಾಜಿ ಚಿಹ್ನೆ ಇರುತ್ತದೆ. ಹೊಸಿಲಿನ ರಂಗೋಲಿಯಲ್ಲಿ ಸ್ವಸ್ತಿಕ ನೋಡಿ ಬೆಳೆದ ನಮಗೆ ಅದರ ಬಿಸಿ ಬೇಗ ತಟ್ಟುವುದಿಲ್ಲ. ಜರ್ಮನ್ ದಂಡಸಂಹಿತೆಯ 86ಎ ಕಲಮಿನ ಪ್ರಕಾರ ಆ ಚಿಹ್ನೆಯನ್ನು ಸಾರ್ವಜನಿಕವಾಗಿ ತೋರಿಸುವುದು, ಹಂಚುವುದು ಅಪರಾಧ. ಇತಿಹಾಸ, ಸಂಶೋಧನೆ, ಶಿಕ್ಷಣಕ್ಕೆ ವಿನಾಯಿತಿ ಇದೆ. ಹರಾಜು ಮನೆಗಳು ಕ್ಯಾಟಲಾಗಿನ ಚಿತ್ರದಲ್ಲಿ ಅದನ್ನು ಮುಚ್ಚಿರುತ್ತವೆ. ನೀವು ಕೊಂಡ ವಿಮಾನದ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕುವ ಮುನ್ನ ಇದು ನೆನಪಿರಲಿ.

ಸಂಗ್ರಹಕಾರರಿಗೆ ಇನ್ನೊಂದು ತೊಡಕು. ಯುದ್ಧ ಸೋತ ಮೇಲೆ ಎಷ್ಟೋ ಮನೆಗಳಲ್ಲಿ ಆ ಗುರುತನ್ನು ಕೆರೆದು, ಇಲ್ಲವೇ ಬಣ್ಣ ಬಳಿದು ಮುಚ್ಚಿದರು. ಕೆರೆದ ಬಾಲವೂ ಆ ಆಟಿಕೆಯ ಅಸಲಿ ಚರಿತ್ರೆಯೇ. ಬೆಲೆ ಹೆಚ್ಚಲಿ ಎಂದು ಈಗ ಅದರ ಮೇಲೆ ಹೊಸದಾಗಿ ಚಿಹ್ನೆ ಬರೆಯುವವರಿದ್ದಾರೆ. ಭೂತಗನ್ನಡಿಯಲ್ಲಿ ಕುಂಚದ ಅಂಚು ಕಾಣುತ್ತದೆ. ನಾನು ಈ ಗುಂಪಿನ ವಿಮಾನ ಕೊಳ್ಳುವುದಿಲ್ಲ. ಉಲ್‌ಮಾನ್‌ರ ಕಥೆ ಗೊತ್ತಾದ ಮೇಲೆ ಮನಸ್ಸಾಗಲಿಲ್ಲ.

7. ತೊಳೆಯುವ ಮೊದಲು ಕೈ ಕಟ್ಟಿಕೊಳ್ಳಿ

ನಾಚಿಕೆಯ ಎರಡನೇ ವಿಮಾನ ಇದು. ಐವತ್ತರ ದಶಕದ ಪುಟ್ಟ ಹಳದಿ ವಿಮಾನ, ರೆಕ್ಕೆಯ ಅಂಚಿನಲ್ಲಿ ತುಕ್ಕು. ಅಮ್ಮ ತಾಮ್ರದ ಚೊಂಬನ್ನು ಹುಣಸೆಹಣ್ಣಲ್ಲಿ ತಿಕ್ಕುತ್ತಿದ್ದದ್ದು ನೆನಪಾಯಿತು. ಹುಣಸೆ ಕಿವುಚಿ ಬೆರಳಲ್ಲಿ ಹಚ್ಚಿ ಐದು ನಿಮಿಷ ಬಿಟ್ಟೆ. ತುಕ್ಕು ಹೋಯಿತು ನಿಜ. ಜೊತೆಗೆ ಮೇಲಿನ ವಾರ್ನಿಷಿನ ಹೊಳಪೂ ಹೋಗಿ ಅಂಗೈ ಅಗಲದ ಜಾಗ ಸುಣ್ಣದ ಗೋಡೆಯಂತಾಯಿತು. ಸರಿಯಾಗಿ ಒಣಗಿಸದೆ ಇಟ್ಟಿದ್ದಕ್ಕೆ ವಾರದೊಳಗೆ ಹೊಸ ತುಕ್ಕು ಮೂಡಿತು. ಹುಳಿ ತಾಮ್ರಕ್ಕೆ ಸರಿ, ತವರದ ತೆಳು ಕಲಾಯಿಗೆ ಅದೇ ವಿಷ.

ಮಾಡಬೇಕಾದದ್ದು ಇಷ್ಟೆ. ಮೆತ್ತನೆಯ ಕುಂಚದಿಂದ ಧೂಳು ಕೊಡವಿ. ಹತ್ತಿಯ ಬಟ್ಟೆಯನ್ನು ಚೂರು ಒದ್ದೆ ಮಾಡಿ, ಹೊಟ್ಟೆಯಡಿ ಕಾಣದ ಜಾಗದಲ್ಲಿ ಒರೆಸಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ. ಕೈಯಲ್ಲಿ ಬಣ್ಣ ಬಳಿದ ಬಹಳ ಹಳೆಯದಾದರೆ ನೀರೇ ಬೇಡ. ಒಣಗಿದ ಮೇಲೆ ಮ್ಯೂಸಿಯಂಗಳಲ್ಲಿ ಬಳಸುವ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ಬಹಳ ತೆಳುವಾಗಿ ಸವರಬಹುದು. ಲೋಹ ಬೆಳಗುವ ಪಾಲಿಶ್, ತುಕ್ಕು ತೆಗೆಯುವ ಸ್ಪ್ರೇ ಚಿತ್ರದ ಹತ್ತಿರ ಸುಳಿಯಬಾರದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಬಾಯಿಗೆ ಸಿಗದ ಹಾಗೆ ಇಡಿ.

ಕೀ ಪೂರ್ತಿ ಬಿಗಿಯಬೇಡಿ. ಹಳೆಯ ಸ್ಪ್ರಿಂಗು ಗಟ್ಟಿಯಾದ ಗ್ರೀಸಿನಲ್ಲಿ ಸಿಕ್ಕಿಕೊಂಡಿರುತ್ತದೆ, ಅರ್ಧ ಸುತ್ತಿ ಬಿಟ್ಟು ನೋಡಿ. ಓಡಿಸಿದ ಮೇಲೆ ಸ್ಪ್ರಿಂಗನ್ನು ಸಡಿಲ ಬಿಟ್ಟೇ ಕಪಾಟಿಗೆ ಇಡಿ. ಬ್ಯಾಟರಿಯದ್ದಾದರೆ ಸೆಲ್ ಒಳಗೆ ಬಿಡಬೇಡಿ, ಸೋರಿದರೆ ಒಳಗಿನ ತಗಡನ್ನೆಲ್ಲ ತಿನ್ನುತ್ತದೆ.

8. ಊರಿಗೆ ಒಯ್ಯುವುದಾದರೆ

ಭಾರತದಲ್ಲಿ ಆಟಿಕೆಗಳ ಆಮದು ಸುಂಕವನ್ನು 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದ್ದರು. 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುಣಮಟ್ಟದ ನಿಯಮವೂ ಇದೆ. ಸಂಗ್ರಹಯೋಗ್ಯ ಹಳೇ ಮಾಲು ಎಂದು ನಿಮಗೆ ಗೊತ್ತಿದ್ದರೂ ಪಾರ್ಸೆಲಿನ ಮೇಲೆ ‘ಟಾಯ್’ ಎಂದು ಬರೆದಿದ್ದರೆ ಕಸ್ಟಮ್ಸ್‌ನವರು ಆಟಿಕೆ ಎಂದೇ ನೋಡುತ್ತಾರೆ. ನೂರು ವರ್ಷ ದಾಟಿದ ವಸ್ತುವಿಗೆ ಸುಂಕದ ವರ್ಗವೇ ಬೇರೆ, ಆದರೆ ವಯಸ್ಸಿಗೆ ಕಾಗದದ ಪುರಾವೆ ಬೇಕು. ಹರಾಜಿನ ರಸೀದಿ, ವಿವರಣೆ ಜೋಪಾನ ಮಾಡಿ. ದುಬಾರಿ ಮಾಲಾದರೆ ಕಳಿಸುವ ಮೊದಲೇ ಒಬ್ಬ ಕ್ಲಿಯರಿಂಗ್ ಏಜೆಂಟರನ್ನು ಕೇಳಿ ಆ ದಿನದ ದರ ತಿಳಿದುಕೊಳ್ಳಿ.

ಊರಲ್ಲಿ ಇಡುವ ಜಾಗದ ಬಗ್ಗೆಯೂ ಯೋಚಿಸಿ. ಬೆಂಗಳೂರು, ಮೈಸೂರಿನ ಹವೆಯಲ್ಲಿ ಗಾಜಿನ ಕಪಾಟು ಸಾಕು. ಮಂಗಳೂರು, ಕಾರವಾರ, ಮಲೆನಾಡಿನ ಮಳೆಗಾಲದಲ್ಲಿ ತಗಡು ತಡೆಯುವುದಿಲ್ಲ. ಸಿಲಿಕಾ ಜೆಲ್ ಚೀಲಗಳ ಜೊತೆ ಬಿಗಿ ಮುಚ್ಚಳದ ಪೆಟ್ಟಿಗೆಯಲ್ಲಿಟ್ಟು ತಿಂಗಳಿಗೊಮ್ಮೆ ತೆರೆದು ನೋಡಬೇಕು. ಪತ್ರಿಕೆಯ ಕಾಗದದಲ್ಲಿ ಸುತ್ತಬೇಡಿ, ಕಾಗದ ತೇವ ಹೀರಿ ತಗಡಿಗೇ ಅಂಟಿಕೊಳ್ಳುತ್ತದೆ.

ಕೈಚೀಲದಲ್ಲಿ ಒಯ್ಯುವುದಾದರೆ ಕೀ ಬೇರೆ ಜೇಬಿನಲ್ಲಿರಲಿ, ಬೇಗ ಸಿಗುವ ಹಾಗೆ. ಎಕ್ಸ್‌ರೇ ಪರದೆಯ ಮೇಲೆ ಸುರುಳಿ ಸ್ಪ್ರಿಂಗು, ಹಲ್ಲುಚಕ್ರ ಕಂಡರೆ ತಪಾಸಣೆಯವರು ಕರೆಯುತ್ತಾರೆ. ನನ್ನನ್ನು ಒಮ್ಮೆ ಕರೆದು ಓಡಿಸಿ ತೋರಿಸಿ ಎಂದರು. ನಾಲ್ಕು ಸುತ್ತು ಕೊಟ್ಟು ಬಿಟ್ಟೆ. ಬೂದು ಟ್ರೇಯೊಳಗೆ ಗಡಗಡ ಓಡಿ ನನ್ನ ಬೆಲ್ಟಿಗೆ ಡಿಕ್ಕಿ ಹೊಡೆದು ನಿಂತಿತು. ಹಿಂದಿನ ಸಾಲಿನಲ್ಲಿದ್ದ ಹುಡುಗ ಇನ್ನೊಂದ್ಸಲ ಎಂದ. ತಪಾಸಣೆಯ ಹೆಂಗಸು ಅದನ್ನು ಎತ್ತಿ, ಮಗುಚಿ, ಹೊಟ್ಟೆ ಓದಿ, ‘ನ್ಯೂರೆಂಬರ್ಗ್?’ ಎಂದು ಕೇಳಿ ವಾಪಸು ಕೊಟ್ಟಳು.